ಮನೆಯಲ್ಲಿ ಮಾಡಿದ ಗಿಟಾರಿನ ಪಾಲಿಶ್ ಕೈಕೊಟ್ಟಾಗ: ಲಕ್ಷಣ ನೋಡಿ ಕಾರಣ ಹಿಡಿಯುವುದು

ಗಿಟಾರಿನ ಮೈಮೇಲೆ ಕಾಣುವ ದೋಷಕ್ಕೆ ಕಾರಣ ಕೊನೆಯ ಕೋಟಿನಲ್ಲೇ ಇರುವುದು ಅಪರೂಪ. ಒರೆಸದೆ ಬಿಟ್ಟ ಅಂಟು, ಎಣ್ಣೆ ಹತ್ತಿದ ಕೈ, ತುಂಬದೆ ಬಿಟ್ಟ ಮರದ ರಂಧ್ರ, ಸ್ಪಿರಿಟ್‌ನಲ್ಲಿ ಕರಗಿಸಿಟ್ಟು ಹಳಸಿದ ಅರಗು, ಮಳೆಗಾಲದ ಗಾಳಿ ಇವೆಲ್ಲ ಅಡಿಯಲ್ಲಿ ಕೂತು ದಿನಗಳ ಮೇಲೆ, ಕೆಲವೊಮ್ಮೆ ವಾರಗಳ ಮೇಲೆ ಮುಖ ತೋರಿಸುತ್ತವೆ. ಆದ್ದರಿಂದ ಪಾಲಿಶ್ ಕೆಟ್ಟಿದೆ ಅನ್ನಿಸಿದಾಗ ಇನ್ನೊಂದು ಕೋಟ್ ಹಾಕಿ ಮುಚ್ಚಲು ಹೋಗಬೇಡಿ. ಮುಚ್ಚಿದ್ದು ಮತ್ತೆ ಮೇಲೆ ಬರುತ್ತದೆ, ಅಷ್ಟರಲ್ಲಿ ತೆಗೆಯಬೇಕಾದ ಪದರವೂ ದಪ್ಪವಾಗಿರುತ್ತದೆ. ಹಾಗೆಂದು ಮರಳುಕಾಗದ ಹಿಡಿದು ಉಜ್ಜಲೂ ಹೊರಡಬೇಡಿ. ಅಕೌಸ್ಟಿಕ್ ಗಿಟಾರಿನ ಮೇಲ್ಹಲಗೆ ಎರಡೂವರೆ, ಮೂರು ಮಿಲಿಮೀಟರ್ ದಪ್ಪದ್ದು. ಬಾಗಿಲು, ಮಂಚ ಉಜ್ಜಿದಂತೆ ಉಜ್ಜಿದರೆ ಪಾಲಿಶ್ ಜೊತೆ ಹಲಗೆಯೂ ಸವೆದು ದನಿಯೇ ಬದಲಾಗುತ್ತದೆ.

ಯಾವ ಮದ್ದನ್ನೇ ಆಗಲಿ, ಗಿಟಾರ್ ಕತ್ತರಿಸಿ ಉಳಿದ ಅದೇ ಮರದ ತುಂಡಿನ ಮೇಲೆ ಮೊದಲು ಮಾಡಿ ನೋಡಿ. ಆ ತುಂಡುಗಳನ್ನು ಎಸೆದಿದ್ದರೆ ಅದೇ ಜಾತಿಯ ಮರದ ಒಂದು ಅಂಗೈ ಅಗಲದ ಚೂರಾದರೂ ಸಾಮಿಲ್ಲಿನಿಂದ ತಂದಿಟ್ಟುಕೊಳ್ಳಿ.

ಕೈ ಹಾಕುವ ಮುನ್ನ

ಮರಕ್ಕೆ ಪಾಲಿಶ್ ಆಗಿ ಹಚ್ಚುವ ಅಗಸೆ ಎಣ್ಣೆ, ಟಂಗ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಹಾಕಿದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಹುದು. ಈ ಎಣ್ಣೆಗಳು ಒಣಗುವುದು ಗಾಳಿಯ ಆಮ್ಲಜನಕದ ಜೊತೆ ಸೇರಿ, ಆಗ ಶಾಖ ಹುಟ್ಟುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖಕ್ಕೆ ಹೊರದಾರಿ ಇರುವುದಿಲ್ಲ. ಕೆಲಸ ಮುಗಿದ ಕೂಡಲೇ ಬಟ್ಟೆಯನ್ನು ನೀರಲ್ಲಿ ಅದ್ದಿ, ಇಲ್ಲವೇ ಹೊರಗೆ ಕಾಂಪೌಂಡ್ ಗೋಡೆಯ ಮೇಲೆ ಒಂದೇ ಪದರವಾಗಿ ಹರಡಿ ಗಟ್ಟಿಯಾಗುವವರೆಗೆ ಒಣಗಿಸಿ.

ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಮತ್ತು ಅದನ್ನು ತೆಳು ಮಾಡುವ ಥಿನ್ನರಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮೇಲೆ ಹರಿದು ಪಕ್ಕದ ಕೋಣೆಗೂ ಹೋಗುತ್ತದೆ. ಅಡುಗೆಮನೆಯ ಗ್ಯಾಸ್, ದೇವರ ಮುಂದಿನ ದೀಪ, ಗೀಸರ್, ಫ್ಯಾನಿನ ಸ್ವಿಚ್ಚಿನ ಕಿಡಿ ಎಲ್ಲವೂ ಅಪಾಯ. ಇದನ್ನು ತೆರೆದ ತಾರಸಿಯ ನೆರಳಲ್ಲಿ ಮಾತ್ರ ಹೊಡೆಯಿರಿ, ಆವಿ ತಡೆಯುವ ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್ ಹಾಕಿ. ಬಟ್ಟೆಯ ಮಾಸ್ಕ್ ಧೂಳಿಗೂ ಪೂರ್ತಿ ಸಾಲದು, ಆವಿಗಂತೂ ಏನೂ ಮಾಡದು. ಎರಡು ಡಬ್ಬಿ ಕಲಸಿ ಬಳಸುವ ಪಿಯು (ಪಾಲಿಯುರೆಥೇನ್) ಪಾಲಿಶಿನ, ಗಟ್ಟಿ ಮಾಡುವ ಹಾರ್ಡನರಿನಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಅದು ಒಮ್ಮೆ ಶ್ವಾಸಕೋಶಕ್ಕೆ ಒಗ್ಗದೆ ಹೋದರೆ ಮುಂದೆ ಸ್ವಲ್ಪ ತಾಗಿದರೂ ಉಬ್ಬಸ ಬರಬಹುದು. ಮನೆಯಲ್ಲಿ ಪಿಯು ಸ್ಪ್ರೇ ಮಾಡಬಾರದು ಎಂಬುದು ನಮ್ಮ ಖಚಿತ ಮಾತು. ಪಿಯು ಬೇಕೇ ಬೇಕೆಂದರೆ ಸ್ಪ್ರೇ ಬೂತ್ ಇರುವ ಪೀಠೋಪಕರಣದ ವರ್ಕ್‌ಶಾಪಿಗೆ ಕೊಟ್ಟು ಹೊಡೆಸಿ.

ಬೀಟೆ ಮರದ ಧೂಳಿಗೆ ಚರ್ಮ ಕೆರೆತ, ಸೀನು ಬರುವವರು ಅನೇಕರು. ಒಣದಾಗಿ ಉಜ್ಜುವಾಗಲೆಲ್ಲ ಧೂಳಿನ ಮಾಸ್ಕ್ ಇರಲಿ.

ಮೇಲಿರುವುದು ಯಾವ ಪಾಲಿಶ್?

ಹಳೆಯ ಗಿಟಾರಿಗೋ ಬೇರೆಯವರು ಹೊಡೆದದ್ದಕ್ಕೋ ಮದ್ದು ಹುಡುಕುತ್ತಿದ್ದರೆ ಇದು ಮೊದಲ ಪ್ರಶ್ನೆ. ಸ್ಟ್ರ್ಯಾಪ್ ಬಟನ್ ಬಿಚ್ಚಿ, ಅದರಡಿಯ ಬಿಲ್ಲೆಯಷ್ಟು ಜಾಗದಲ್ಲಿ ನೋಡಿ. ಕಿವಿ ಒರೆಸುವ ಹತ್ತಿಕಡ್ಡಿಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ (ಅರಗು ಕರಗಿಸುವ ಆಲ್ಕೊಹಾಲ್) ಅದ್ದಿ, ಹಿಂಡಿ, ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಕಡ್ಡಿ ಅಂಟಿ, ತುದಿಗೆ ಜೇನುಬಣ್ಣ ಹತ್ತಿದರೆ ಅದು ಅರಗು, ಅಂದರೆ ಫ್ರೆಂಚ್ ಪಾಲಿಶ್. ಏನೂ ಆಗದಿದ್ದರೆ ಎನ್‌ಸಿ ಥಿನ್ನರಿನ ಒಂದು ಹನಿಯಿಂದ ಅದನ್ನೇ ಮಾಡಿ. ಈಗ ಮೆತ್ತಗಾಗಿ ಹರಿದರೆ ಎನ್‌ಸಿ ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ಪಿಯು ಅಥವಾ ಮೆಲಮೈನ್. ಉಗುರಿನಿಂದ ಕೆರೆದರೂ ಪದರವೇ ಏಳದೆ ಬರಿ ಮರ ಸಿಕ್ಕರೆ ಅಲ್ಲಿರುವುದು ಎಣ್ಣೆ. ಥಿನ್ನರ್ ಬೈಂಡಿಂಗಿಗೆ, ಅಂದರೆ ಗಿಟಾರಿನ ಅಂಚಿನ ಪ್ಲಾಸ್ಟಿಕ್ ಪಟ್ಟಿಗೆ ತಾಗದಿರಲಿ, ಕರಗಿಬಿಡುತ್ತದೆ.

ಈ ಪರೀಕ್ಷೆ ಏಕೆ ಮುಖ್ಯವೆಂದರೆ, ಅರಗು ಮತ್ತು ಎನ್‌ಸಿ ಲ್ಯಾಕರಿನ ಹೊಸ ಕೋಟ್ ಹಳೆಯದನ್ನು ಕರಗಿಸಿ ಒಂದಾಗುತ್ತದೆ. ಅವುಗಳ ದೋಷ ತಿದ್ದುವುದು ಸುಲಭ. ಪಿಯು ಹಾಗಲ್ಲ, ಪ್ರತಿ ಕೋಟೂ ಬೇರೆ ಹಾಳೆ. ಮೊದಲ ಗಿಟಾರ್ ಮಾಡುವವರು ಗಿಟಾರಿನ ಮೈಗೆ ಅರಗನ್ನೂ, ಕೈಯಲ್ಲಿ ಹಿಡಿಯುವ ನೆಕ್ (ಕತ್ತು) ಭಾಗಕ್ಕೆ ಎಣ್ಣೆಯನ್ನೂ ಹಿಡಿದುಕೊಂಡರೆ ಒಳ್ಳೆಯದು ಎಂದು ನಾವು ಹೇಳುವುದು ಇದಕ್ಕೇ: ತಪ್ಪು ಮಾಡಿದರೂ ದಾರಿ ಉಳಿದಿರುತ್ತದೆ.

ಒಣಗುತ್ತಿಲ್ಲ, ಬೆರಳಿಗೆ ಅಂಟುತ್ತಿದೆ

ಹೆಬ್ಬೆರಳಿನ ಉಗುರನ್ನು ಕಾಣದ ಜಾಗದಲ್ಲಿ ಮೆಲ್ಲಗೆ ಒತ್ತಿ. ಗುರುತು ಉಳಿದರೆ ಒಳಗೆ ಇನ್ನೂ ಹಸಿ. ಮೂಗು ಹತ್ತಿರ ತಂದು ಮೂಸಿ. ಥಿನ್ನರಿನದೋ ಎಣ್ಣೆಯದೋ ವಾಸನೆ ಬರುತ್ತಿದ್ದರೆ ಒಣಗುವ ಕೆಲಸ ನಡೆಯುತ್ತಿದೆ, ಕಾಯಿರಿ. ವಾಸನೆಯೂ ಇಲ್ಲ, ಅಂಟೂ ಹೋಗಿಲ್ಲ ಅಂದರೆ ಅದು ಕಾದು ಸರಿಹೋಗುವ ತೊಂದರೆಯಲ್ಲ.

ಅರಗು ಆಗಿದ್ದರೆ ಅನುಮಾನ ಬಾಟಲಿಯ ಮೇಲೆ. ಸ್ಪಿರಿಟ್‌ನಲ್ಲಿ ಕರಗಿಸಿಟ್ಟ ಅರಗು ದಿನ ಕಳೆದಂತೆ ಸ್ಪಿರಿಟ್ ಜೊತೆಗೇ ಬೆರೆತು ಬದಲಾಗಿ, ಗಟ್ಟಿಯಾಗುವ ಗುಣ ಕಳೆದುಕೊಳ್ಳುತ್ತದೆ. ಆರು ತಿಂಗಳು ದಾಟಿದ್ದನ್ನು ಗಿಟಾರಿಗೆ ಬಳಸಬೇಡಿ. ಗಾಜಿನ ಚೂರಿನ ಮೇಲೆ ಒಂದು ಹನಿ ತೆಳುವಾಗಿ ಸವರಿ ರಾತ್ರಿ ಬಿಡಿ. ಬೆಳಗ್ಗೆ ಉಗುರಿನಿಂದ ಕೆರೆದಾಗ ಪುಡಿಯಾಗಿ ಎದ್ದರೆ ಒಳ್ಳೆಯ ಅರಗು, ಅಂಟಂಟಾಗಿ ಸುರುಳಿ ಬಂದರೆ ಚೆಲ್ಲಬೇಕು. ಹೊಸದು ಮಾಡಲು 100 ಮಿಲಿ ಸ್ಪಿರಿಟ್‌ಗೆ 20 ಗ್ರಾಂ ಅರಗಿನ ಚಕ್ಕೆ ಹಾಕಿ, ಗಾಜಿನ ಬಾಟಲಿಯಲ್ಲಿ ಆಗಾಗ ಕುಲುಕುತ್ತ ಒಂದು ದಿನ ಬಿಟ್ಟು, ಮಲ್ಲು ಬಟ್ಟೆಯಲ್ಲಿ ಸೋಸಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಿಡಿಯಾಗಿ ಮಾರುವ ಸ್ಪಿರಿಟ್‌ನಲ್ಲಿ ನೀರು ಬೆರೆತಿರುವುದುಂಟು. ಶೇ. 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕರೆ ಅದನ್ನೇ ಬಳಸಿ. ಚನ್ನಪಟ್ಟಣದ ಗೊಂಬೆಗಳ ಮೇಲೆ ಹೊಳೆಯುವುದೂ ಇದೇ ಅರಗು. ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ಉಜ್ಜಿದ ಶಾಖಕ್ಕೇ ಕರಗಿಸುತ್ತಾರೆ. ಹಾಗಾಗಿ ಅವರಿಗೆ ಸ್ಪಿರಿಟ್‌ನ ಈ ಗೋಳಿಲ್ಲ.

ಎಣ್ಣೆ ಅಂಟುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಒಂದೇ: ಹಚ್ಚಿದ್ದು ಹೆಚ್ಚು, ಒರೆಸಿದ್ದು ಕಡಿಮೆ. ಎಣ್ಣೆ ಹಚ್ಚಿ 15–20 ನಿಮಿಷಕ್ಕೆ ಒಣ ಬಟ್ಟೆಯಲ್ಲಿ ಪೂರ್ತಿ ಒರೆಸಬೇಕು, ಮರದ ಮೇಲೆ ಏನೂ ಉಳಿದಿಲ್ಲ ಅನ್ನಿಸುವಷ್ಟು. ಈಗಾಗಲೇ ಅಂಟಾಗಿದ್ದರೆ ಟರ್ಪೆಂಟೈನಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಿ, ಬರದಿದ್ದರೆ ಅದೇ ಟರ್ಪೆಂಟೈನ್ ಹಾಕಿ ನಯವಾದ ಸ್ಕ್ರಬ್ ಪ್ಯಾಡಿನಿಂದ ಎಳೆಯುದ್ದಕ್ಕೆ ತಿಕ್ಕಿ, ಎರಡು ಮೂರು ದಿನ ಗಾಳಿಗಿಡಿ. ಕೊಬ್ಬರಿ ಎಣ್ಣೆ ಹಚ್ಚಿದ್ದರೆ ಕಾಯುವುದು ದಂಡ. ಅದು ಒಣಗುವ ಜಾತಿಯ ಎಣ್ಣೆಯೇ ಅಲ್ಲ. ಕಡಲೆಕಾಯಿ ಎಣ್ಣೆಯೂ ಅಷ್ಟೇ.

ಬೀಟೆ ಮರದ ಹಿಂಭಾಗ ಮಾತ್ರ ಅಂಟುತ್ತಿದ್ದು ಸ್ಪ್ರೂಸ್ ಎಂಬ ತಿಳಿಬಣ್ಣದ ಮರದ ಮೇಲ್ಹಲಗೆ ಚೆನ್ನಾಗಿ ಒಣಗಿದೆಯೇ? ಇದು ಸ್ಪಷ್ಟ ಸುಳಿವು. ಬೀಟೆಯೊಳಗಿನ ಸಹಜ ರಾಳ, ಎಣ್ಣೆಯ ಅಂಶಗಳು ಎಣ್ಣೆ ಪಾಲಿಶ್ ಮತ್ತು ವಾರ್ನಿಶ್ ಗಟ್ಟಿಯಾಗುವುದನ್ನು ತಡೆಯುತ್ತವೆ. ನಮ್ಮ ಪಶ್ಚಿಮ ಘಟ್ಟದ ಬೀಟೆಯನ್ನು ಜಗತ್ತಿನ ಗಿಟಾರ್ ತಯಾರಕರೆಲ್ಲ ಹಿಂಬದಿಗೆ ಬಯಸುತ್ತಾರೆ, ಆದರೆ ಅದರ ಈ ಗುಣ ಗೊತ್ತಿದ್ದೇ ಕೈಹಾಕಬೇಕು. ಅಂಟಿದ್ದನ್ನು ಟರ್ಪೆಂಟೈನಿನಲ್ಲಿ ತೆಗೆದು, ಸ್ಪಿರಿಟ್‌ನಿಂದ ಒರೆಸಿ, ಮೇಣ ತೆಗೆದ ಅರಗಿನ ಎರಡು ತೆಳು ಕೋಟ್ ಹಾಕಿ ದಾರಿ ಮುಚ್ಚಿ. ಅದರ ಮೇಲೆ ವಾರ್ನಿಶ್ ಒಣಗುತ್ತದೆ. ಮೇಣ ತೆಗೆಯಲು ಬೇರೆ ಸಾಮಾನು ಬೇಡ. ಕರಗಿಸಿದ ಅರಗಿನ ಬಾಟಲಿಯನ್ನು ವಾರ ಅಲುಗಿಸದೆ ಬಿಟ್ಟರೆ ಮಬ್ಬು ಮೇಣ ತಳಕ್ಕಿಳಿಯುತ್ತದೆ, ಮೇಲಿನ ತಿಳಿಯನ್ನು ಮಾತ್ರ ಬಗ್ಗಿಸಿಕೊಂಡರಾಯಿತು.

ಎರಡು ಡಬ್ಬಿಯ ಪಿಯು ಮೂರು ದಿನಕ್ಕೂ ಮೆತ್ತಗಿದ್ದರೆ ಅಳತೆ ತಪ್ಪಿದೆ, ಇಲ್ಲವೇ ಹಾರ್ಡನರಿಗೆ ತೇವ ಸೇರಿದೆ. ಅದು ಇನ್ನು ಗಟ್ಟಿಯಾಗದು. ಪೂರ್ತಿ ಕೆರೆದು ತೆಗೆಯುವುದೊಂದೇ ಉಪಾಯ. ಡಬ್ಬಿಯ ಮೇಲಿನ ಅನುಪಾತ ತೂಕದ್ದೋ ಪ್ರಮಾಣದ್ದೋ ಎಂದು ಓದಿಯೇ ಮುಂದಿನ ಸಲ ಕಲಸಿ.

ಹೊಡೆದ ಹತ್ತು ನಿಮಿಷಕ್ಕೆ ಬಿಳಿ ಮಂಜು

ಸ್ವಚ್ಛವಾಗಿ ಹರಡಿದ ಲ್ಯಾಕರ್ ನೋಡುತ್ತಿದ್ದಂತೆ ಹಾಲು ಚೆಲ್ಲಿದ ಹಾಗೆ ಮಬ್ಬಾಗುತ್ತದೆ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ. ಗಾಳಿಯ ತೇವ ಅಲ್ಲಿ ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಮಂಗಳೂರಿನ ತೇವಾಂಶ ಶೇ. 85–90 ದಾಟುವುದು ಸಾಮಾನ್ಯ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲ್ಯಾಕರ್ ಕೆಲಸ ಇಟ್ಟುಕೊಳ್ಳದಿರುವುದೇ ಜಾಣತನ. ಬೆಂಗಳೂರಿನಲ್ಲೂ ಮಳೆ ಹಿಡಿದ ದಿನ ಬೇಡ. ಕೆಲವು ನೂರು ರೂಪಾಯಿಗೆ ಸಿಗುವ ತೇವಾಂಶ ಮಾಪಕವೊಂದನ್ನು ಗೋಡೆಗೆ ಹಾಕಿ, ಮುಳ್ಳು 65 ದಾಟಿದರೆ ಲ್ಯಾಕರ್ ಡಬ್ಬಿ ತೆರೆಯಬೇಡಿ.

ಸರಿಪಡಿಸಲು ಮೊದಲು ಏನೂ ಮಾಡದೆ ಒಣ ಜಾಗದಲ್ಲಿ ಒಂದು ದಿನ ಬಿಡಿ. ತೆಳು ಮಂಜು ತಾನೇ ತಿಳಿಯಾಗುವುದುಂಟು. ಹೋಗದಿದ್ದರೆ ಒಣ ಹವೆಯ ದಿನ ರಿಟಾರ್ಡರ್ ಥಿನ್ನರನ್ನು ಮಾತ್ರ, ಉಸಿರು ಬಿಟ್ಟಷ್ಟು ತೆಳುವಾಗಿ ಹೊಡೆಯಿರಿ. ಅದು ನಿಧಾನ ಆರುವ ಥಿನ್ನರ್, ಪದರ ಮತ್ತೆ ಸಡಿಲವಾಗಿ ತೇವ ಹೊರಹೋಗಲು ಹೊತ್ತು ಸಿಗುತ್ತದೆ. ಮುಂದಿನ ಕೋಟುಗಳಿಗೂ ಥಿನ್ನರಿನಲ್ಲಿ ಹತ್ತನೇ ಒಂದು ಪಾಲು ರಿಟಾರ್ಡರ್ ಸೇರಿಸಬಹುದು, ಒಣಗಲು ಹೆಚ್ಚು ದಿನ ಬೇಕೆಂಬುದು ನೆನಪಿರಲಿ. ಅರಗಿನ ಮಂಜಾದರೆ ಅರಗು ಹಚ್ಚುವ ಬಟ್ಟೆಯ ಉಂಡೆಯನ್ನು ಸ್ಪಿರಿಟ್‌ನಲ್ಲಿ ಅದ್ದಿ, ಅಂಗೈ ಮೇಲೆ ಒತ್ತಿದರೆ ತಂಪು ಮಾತ್ರ ತಿಳಿಯುವಷ್ಟು ಹಿಂಡಿ, ನಿಲ್ಲಿಸದೆ ಒಂದು ಸಲ ಜಾರಿಸಿ. ನಿಲ್ಲಿಸಿದರೆ ಅಲ್ಲಿ ಕಿತ್ತು ಬರುತ್ತದೆ.

ಬಿಳುಪು ಎಲ್ಲೆಡೆ ಇಲ್ಲದೆ ಮರದ ರಂಧ್ರಗಳೊಳಗೆ ಸಾಲುಸಾಲಾಗಿ ಕೂತಿದ್ದರೆ ಅದು ಮಂಜಲ್ಲ. ಹೊಳಪು ಕೊಡುವ ಪಾಲಿಶಿಂಗ್ ಕಾಂಪೌಂಡ್ ಅಥವಾ ರಂಧ್ರ ತುಂಬುವ, ಚಾಕ್ ಪುಡಿ ಹಾಕಿದ ಫಿಲ್ಲರ್ ಒಣಗಿ ಬೆಳ್ಳಗಾಗಿದೆ. ಮೊದಲನೆಯದು ಟರ್ಪೆಂಟೈನ್ ಹನಿಸಿದ ಹಳೆಯ ಟೂತ್‌ಬ್ರಶ್ಶಿಗೆ ಹೋಗುತ್ತದೆ, ಎರಡನೆಯದು ಹೋಗುವುದಿಲ್ಲ.

ಮೀನಿನ ಕಣ್ಣಿನಂತೆ ದುಂಡು ಕುಳಿಗಳು

ಲ್ಯಾಕರ್ ಅಥವಾ ವಾರ್ನಿಶ್ ಕೆಲವು ಚುಕ್ಕಿಗಳಿಂದ ಹಿಂದೆ ಸರಿದು, ನಡುವೆ ಬರಿ ಮರ ಕಾಣುವ ದುಂಡು ಕುಳಿಗಳನ್ನು ಬಿಡುತ್ತದೆ. ಎಣ್ಣೆ ಬಾಣಲೆಗೆ ನೀರಿನ ಹನಿ ಬಿದ್ದರೆ ಹೇಗೆ ಒಂದಾಗದೆ ದೂರವಾಗುತ್ತದೋ ಹಾಗೆ. ತಪ್ಪಿತಸ್ಥ ಬಹುತೇಕ ಸಿಲಿಕೋನ್: ಪೀಠೋಪಕರಣದ ಹೊಳಪು ಸ್ಪ್ರೇ, ಕಾರಿನ ಡ್ಯಾಶ್‌ಬೋರ್ಡ್ ಪಾಲಿಶ್, ಬಾಗಿಲ ಕೀಲಿಗೆ ಹೊಡೆಯುವ ಸ್ಪ್ರೇ. ಅದೇ ಕೋಣೆಯಲ್ಲಿ ಯಾರೋ ಹೊಡೆದಿದ್ದರೂ ಸಾಕು. ತಲೆಗೆ ಹಚ್ಚಿದ ಎಣ್ಣೆಯ ಬೆರಳಿನಿಂದಲೂ ಆಗುತ್ತದೆ. ಉಜ್ಜಿ ಮುಗಿಸಿದ ಮರವನ್ನು ಬರಿಗೈಯಲ್ಲಿ ಸವರಿ ನೋಡುವ ಆಸೆ ಎಲ್ಲರಿಗೂ ಇರುತ್ತದೆ, ಆ ಹಂತದಲ್ಲಿ ಹತ್ತಿಯ ಕೈಗವಸು ಹಾಕಿಕೊಳ್ಳಿ.

ಕೋಟ್ ಇನ್ನೂ ಹಸಿಯಿದ್ದರೆ ಪೂರ್ತಿ ಒರೆಸಿ ತೆಗೆಯಿರಿ. ಒಣಗಿದ್ದರೆ ಮೇಲೆ ಮೇಲೆ ಹೊಡೆದು ಕುಳಿ ತುಂಬಲು ನೋಡಬೇಡಿ, ಕುಳಿ ಪ್ರತಿ ಕೋಟಿನಲ್ಲೂ ಎದ್ದು ಬರುತ್ತದೆ. 400ನೇ ನಂಬರಿನ ಮರಳುಕಾಗದದಲ್ಲಿ ಮೆಲ್ಲಗೆ ಸಮ ಮಾಡಿ, ಮಿನರಲ್ ಟರ್ಪೆಂಟೈನಿನಲ್ಲಿ ಒರೆಸಿ. ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲು ತಿರುಗಿಸಿ, ಇಲ್ಲದಿದ್ದರೆ ಸಿಲಿಕೋನನ್ನು ಗಿಟಾರಿನ ತುಂಬ ಹರಡಿದಂತೆ. ಬಳಿಕ ಮೇಣ ತೆಗೆದ ಅರಗಿನ ಎರಡು ಕೋಟ್. ಸಿಲಿಕೋನಿನ ಮೇಲೂ ಹಿಡಿದುಕೊಳ್ಳುವ ಅಗ್ಗದ ಪದರ ಅದು.

ಸೂಜಿಮೊನೆ ತೂತು, ಗುಳ್ಳೆ, ವಾರಗಳ ಮೇಲೆ ಮೂಡುವ ಗೀರು

ಕುಳಿ ದುಂಡಗಿರದೆ, ಮರದ ರಂಧ್ರದ ಮೇಲೆಯೇ ಸೂಜಿ ಚುಚ್ಚಿದಂತಿದ್ದರೆ ಅದು ಒಳಗಿನ ಗಾಳಿಯ ಕೆಲಸ. ಮಹಾಗನಿ, ಬೀಟೆ, ಸಾಗುವಾನಿಗೆ ರಂಧ್ರ ದೊಡ್ಡದು. ಸ್ಪ್ರೂಸ್, ಮೇಪಲ್‌ಗೆ ತುಂಬುವ ಅಗತ್ಯವೇ ಇಲ್ಲ. ಬೆಳಗಿನ ತಂಪಿನಲ್ಲಿ ಕೋಟ್ ಹಾಕಿ ಬಿಸಿಲೇರುವಾಗ ಹೊರಗಿಟ್ಟರೆ ರಂಧ್ರದ ಗಾಳಿ ಹಿಗ್ಗಿ ಗುಳ್ಳೆಯಾಗಿ ಒಡೆಯುತ್ತದೆ. ಹಾಗಾಗಿ ಕೋಟ್ ಹಾಕಬೇಕಾದ್ದು ಶಾಖ ಇಳಿಯುವ ಹೊತ್ತಿನಲ್ಲಿ. ಆದರೆ ಸಂಜೆ ಕವಿದಂತೆ ತೇವ ಏರುತ್ತದೆ, ಮಂಜಿನ ಭಯ. ಮಧ್ಯಾಹ್ನ ಮೂರರಿಂದ ನಾಲ್ಕೂವರೆಯೊಳಗೆ ಮುಗಿಸಿದರೆ ಎರಡಕ್ಕೂ ಹೊಂದುತ್ತದೆ.

ಆಗ ಕನ್ನಡಿಯಂತಿದ್ದದ್ದು ತಿಂಗಳ ಬಳಿಕ ಓರೆ ಬೆಳಕಿನಲ್ಲಿ ಸಣ್ಣ ಸಣ್ಣ ಗೀರುಗಳಾಗಿ ಕುಸಿದಿದ್ದರೆ ಲ್ಯಾಕರ್ ಕುಗ್ಗಿ ರಂಧ್ರಕ್ಕಿಳಿದಿದೆ. ಕಾರಣ ಎರಡು: ರಂಧ್ರ ಪೂರ್ತಿ ತುಂಬಿರಲಿಲ್ಲ, ಅಥವಾ ಹೊಳಪು ಕೊಡಲು ಅವಸರ ಮಾಡಲಾಯಿತು. ಕೊನೆಯ ಎನ್‌ಸಿ ಕೋಟಿನ ನಂತರ ಮೂರು ನಾಲ್ಕು ವಾರ ಗಿಟಾರನ್ನು ಸುಮ್ಮನೆ ತೂಗುಹಾಕಬೇಕು. ಈ ಕಾಯುವಿಕೆಗೆ ಅಡ್ಡದಾರಿ ಇಲ್ಲ, ಎಷ್ಟೋ ಚೆಂದದ ಕೆಲಸಗಳು ಇಲ್ಲಿಯೇ ಕೆಡುತ್ತವೆ. ಕುಸಿತ ಆಳವಿಲ್ಲದಿದ್ದರೆ 800ರ ವಾಟರ್ ಪೇಪರಿನಲ್ಲಿ ಸಮ ಮಾಡಿ, ಎರಡು ಮೂರು ಕೋಟ್ ಹಾಕಿ, ಮತ್ತೆ ಕಾದು 1200, 2000ಕ್ಕೆ ಹೋಗಿ. ತಂತಿ ಬಿಗಿಸುವ ಟ್ಯೂನರಿನ ತೂತು, ಮೇಲ್ಹಲಗೆಯ ದೊಡ್ಡ ತೂತಾದ ಸೌಂಡ್‌ಹೋಲಿನ ಅಂಚಿನ ಬಳಿ ನೀರಿನ ಬದಲು ಮಿನರಲ್ ಟರ್ಪೆಂಟೈನ್ ಬಳಸಿ. ನೀರು ತೂತಿನೊಳಗಿನ ಬರಿ ಮರಕ್ಕೆ ಇಳಿದರೆ ಸುತ್ತ ಉಬ್ಬಿ ಪದರ ಬಿರಿಯುತ್ತದೆ.

ಹೊಸ ಗಿಟಾರಾದರೆ ರಂಧ್ರ ತುಂಬಲು ನಿಧಾನ ಗಟ್ಟಿಯಾಗುವ ತಿಳಿ ಎಪಾಕ್ಸಿಯನ್ನು ಹಳೆಯ ಎಟಿಎಂ ಕಾರ್ಡಿನಿಂದ ಎಳೆಗೆ ಅಡ್ಡಡ್ಡ ಒತ್ತಿ ಎಳೆದು, ಒಂದು ದಿನ ಬಿಟ್ಟು ಉಜ್ಜಿ, ಇನ್ನೊಮ್ಮೆ ಹಾಕಿದರೆ ಈ ಕುಸಿತ ಬಹಳ ಕಡಿಮೆ.

ಬಣ್ಣ ತೇಪೆತೇಪೆ, ಬಿಳಿ ಮರಕ್ಕೆ ಹರಿದ ನೇರಳೆ ಕಲೆ

ಮರದ ಬಣ್ಣ (ಸ್ಟೇನ್) ಹಚ್ಚಿದಾಗ ಜಾಯಿಂಟಿನ ಸುತ್ತ ಬೆರಳಚ್ಚಿನಂಥ ತೆಳು ಬಣ್ಣದ ತೇಪೆ ಕಂಡರೆ ಅದು ಒರೆಸದೆ ಬಿಟ್ಟ ಬಿಳಿ ಅಂಟು. ಅಂಟು ಕುಡಿದ ಮರ ಬಣ್ಣ ಕುಡಿಯದು. ಬಣ್ಣಕ್ಕೆ ಮುಂಚೆಯೇ ಮೈಯೆಲ್ಲ ಮಿನರಲ್ ಟರ್ಪೆಂಟೈನಿನಲ್ಲಿ ಒದ್ದೆ ಮಾಡಿ ನೋಡಿ, ಅಂಟಿನ ಜಾಗ ಆಗಲೇ ಬೆಳ್ಳಗೆ ಎದ್ದು ಕಾಣುತ್ತದೆ. ಅಲ್ಲಿಷ್ಟು ಸ್ಕ್ರೇಪರಿನಿಂದ ಹೆರೆದರೆ ಮುಗಿಯಿತು. ನೆಕ್ ಗಿಟಾರಿನ ಮೈಗೆ ಸೇರುವ ಹಿಮ್ಮಡಿಯಂಥ ಅಡ್ಡಕೊಯ್ತದ ಮುಖ ಬಣ್ಣವನ್ನು ಹೆಚ್ಚು ಕುಡಿದು ಕಪ್ಪಾಗುತ್ತದೆ. ಉಳಿದೆಡೆ 220ಕ್ಕೆ ನಿಲ್ಲಿಸಿದರೆ ಅಲ್ಲಿ 320ರವರೆಗೆ ಉಜ್ಜಿ.

ಬೀಟೆಯ ಬಣ್ಣ ಸ್ಪಿರಿಟ್‌ಗೂ ಥಿನ್ನರಿಗೂ ಕರಗಿ ಹರಿಯುತ್ತದೆ. ಬಟ್ಟೆಯ ಉಂಡೆ ಬೀಟೆಯ ಅಂಚಿನಿಂದ ಸ್ಪ್ರೂಸಿಗೆ ಜಾರಿದರೆ ಸಾಕು, ಹಾಲುಬಣ್ಣದ ಮರದಲ್ಲಿ ನೇರಳೆ ಗೆರೆ. ಸ್ಪ್ರೂಸ್, ಬೈಂಡಿಂಗ್, ಸೌಂಡ್‌ಹೋಲಿನ ಸುತ್ತಲಿನ ಅಲಂಕಾರವಾದ ರೋಸೆಟ್ಟಿನ ಬಿಳಿ ಭಾಗಗಳಿಗೆ ಸಣ್ಣ ಬ್ರಶ್ಶಿನಿಂದ ಮೊದಲೇ ಎರಡು ಸಲ ಅರಗು ಹಚ್ಚಿ, ಆಮೇಲೆ ಬೀಟೆಗೆ ಬನ್ನಿ. ಕಲೆ ಆಗಿಹೋಗಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿದಷ್ಟೂ ಹರಡುತ್ತದೆ. ಬೈಂಡಿಂಗ್ ಮೇಲಿನದನ್ನು ಬ್ಲೇಡಿನ ಅಂಚಿನಿಂದ ಹೆರೆಯಬಹುದು. ಸ್ಪ್ರೂಸಿನ ಆಳಕ್ಕೆ ಇಳಿದಿದ್ದರೆ ಹಾಗೇ ಬಿಡಿ, ಅದಕ್ಕಾಗಿ ಮೇಲ್ಹಲಗೆ ತೆಳು ಮಾಡುವುದು ನಷ್ಟದ ವ್ಯಾಪಾರ.

ಕಿತ್ತಳೆ ಸಿಪ್ಪೆಯ ಮೈ, ಕಣ್ಣೀರಿನಂತೆ ಇಳಿದ ಹನಿ

ಸಿಪ್ಪೆಯಂಥ ಮೈಗೆ ಕಾರಣ ಲ್ಯಾಕರ್ ಗಟ್ಟಿ ಅಥವಾ ಸ್ಪ್ರೇ ಗನ್ ದೂರ, ಇಳಿದ ಹನಿಗೆ ಕಾರಣ ಲ್ಯಾಕರ್ ನೀರು ಅಥವಾ ಗನ್ ತೀರ ಹತ್ತಿರ. ಒಂದು ಗೇಣಿನಷ್ಟು ದೂರ ಹಿಡಿದು, ಕೈ ನಿಲ್ಲಿಸದೆ ಹೊಡೆಯಿರಿ. ಇಳಿದ ಹನಿಯನ್ನು ಹಸಿಯಲ್ಲಿ ಮುಟ್ಟಬೇಡಿ. ವಾರದ ಮೇಲೆ ಬ್ಲೇಡಿನ ಎರಡು ತುದಿಗೆ ಟೇಪ್ ಸುತ್ತಿ, ನಡುವಿನ ಅಂಚಿನಿಂದ ಹನಿಯನ್ನು ಮಾತ್ರ ಹೆರೆಯಿರಿ.

ಉಜ್ಜುವಾಗ ಮೂಡಿದ ನಕ್ಷೆಯಂಥ ಗೆರೆಗಳು

ಪಿಯು ಉಜ್ಜುವಾಗ ಭೂಪಟದ ಎತ್ತರದ ಗೆರೆಗಳಂತೆ ಮಸುಕು ಸುತ್ತು ಕಂಡರೆ, ಮೇಲಿನ ಕೋಟ್ ಸವೆದು ಕೆಳಗಿನ ಕೋಟ್ ಹೊರಬಂದಿದೆ. ಎಷ್ಟು ಉಜ್ಜಿದರೂ ಗೆರೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಅಲ್ಲಿಗೇ ನಿಲ್ಲಿಸಿ, ಇಡೀ ಮೈಯನ್ನು 400ರಲ್ಲಿ ಸಮವಾಗಿ ಮಂಕು ಮಾಡಿ, ಒಂದು ಪೂರ್ತಿ ಕೋಟ್ ಹೊಡೆಸಿ. ಎನ್‌ಸಿಯಲ್ಲಿ ಈ ಗೆರೆ ಬರುವುದಿಲ್ಲ. ಅಲ್ಲಿ ಬಣ್ಣವೇ ಬದಲಾಗಿ ಬರಿ ಮರ ಕಂಡರೆ ಪದರ ಪೂರ್ತಿ ಸವೆದಿದೆ ಎಂದರ್ಥ. ಹೀಗಾಗುವುದು ಯಾವಾಗಲೂ ಅಂಚಿನಲ್ಲಿ. ಅಂಚಿನ ಒಂದು ಸೆಂಟಿಮೀಟರ್ ಬಿಟ್ಟು ಉಜ್ಜುವ ಮಣೆ ಬಳಸಿ, ಅಂಚನ್ನು ಕೊನೆಗೆ ಬೆರಳಿನಲ್ಲಿ 2000ದ ಕಾಗದದಿಂದ ಮಾತ್ರ ಮುಟ್ಟಿ.

ಸಿಪ್ಪೆಯಂತೆ ಏಳುತ್ತಿದೆ

ಎದ್ದ ಚೂರಿನ ಹಿಂಬದಿ ನೋಡಿ. ಜಿಡ್ಡು ಅಥವಾ ಮೇಣದ ನುಣುಪಿದ್ದರೆ ಮೇಣವಿರುವ ಅರಗಿನ ಮೇಲೆ ಪಿಯು ಹೊಡೆಯಲಾಗಿದೆ, ಇಲ್ಲವೇ ಒಣಗದ ಎಣ್ಣೆಯ ಮೇಲೆ. ಹಿಂಬದಿ ಕನ್ನಡಿಯಂತಿದ್ದರೆ ಕೆಳಗಿನ ಕೋಟನ್ನು ಉಜ್ಜದೆ ಮೇಲಿನದು ಹಾಕಲಾಗಿದೆ. ಮರದ ನಾರೇ ಅಂಟಿ ಬಂದಿದ್ದರೆ ತೊಂದರೆ ಪಾಲಿಶಿನದ್ದಲ್ಲ, ಮರಕ್ಕೆ ಪೆಟ್ಟು ಬಿದ್ದಿದೆ ಅಥವಾ ತೇವ ಒಳಹೊಕ್ಕಿದೆ. ಮೊದಲೆರಡರಲ್ಲಿ ತೇಪೆ ಹಾಕಿ ಉಪಯೋಗವಿಲ್ಲ. ಇಂದು ಒಂದು ಕಡೆ ಎದ್ದದ್ದು ನಾಳೆ ಇನ್ನೊಂದು ಕಡೆ ಏಳುತ್ತದೆ, ಪೂರ್ತಿ ತೆಗೆಯಬೇಕು.

ಬಿರುಕು: ಪಾಲಿಶಿನದೋ, ಮರದ್ದೋ

ಇಲ್ಲಿ ತಪ್ಪು ಊಹೆ ದುಬಾರಿ, ಆದ್ದರಿಂದ ನಿಧಾನವಾಗಿ ನೋಡಿ. ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಹಲಗೆಗೆ ಒರಗಿಸಿ ಹಿಡಿಯಿರಿ. ಕೂದಲೆಳೆಯ ಗೆರೆಗಳು ಮರದ ಎಳೆಗೆ ಅಡ್ಡವಾಗಿ, ಕೆಸರು ಒಣಗಿದ ಕೆರೆಯಂತೆ ಕವಲೊಡೆದಿದ್ದರೆ ಅದು ಪದರದ ಬಿರುಕು. ದಪ್ಪಗೆ ಹೊಡೆದ ಎನ್‌ಸಿ ಲ್ಯಾಕರ್ ದಿಢೀರ್ ಚಳಿಗೆ ಹೀಗೆ ಬಿರಿಯುತ್ತದೆ. ವಿಮಾನದಲ್ಲಿ ಬಂದ ಗಿಟಾರಿನ ಪೆಟ್ಟಿಗೆಯನ್ನು ಕೂಡಲೇ ತೆರೆಯಬೇಡಿ ಎನ್ನುವುದು ಇದಕ್ಕೇ. ನೋಟಕ್ಕೆ ಬೇಸರವಾದರೂ ವಾದ್ಯಕ್ಕೆ ಅಪಾಯವಿಲ್ಲ.

ಗೆರೆ ಎಳೆಯುದ್ದಕ್ಕೇ ನೇರವಾಗಿ ಹೋಗಿದ್ದರೆ ಉಗುರನ್ನು ಅಡ್ಡ ಜಾರಿಸಿ. ಉಗುರು ಸಿಕ್ಕಿಕೊಂಡರೆ ಅನುಮಾನ ಮರದ ಮೇಲೆ. ತಂತಿ ಸಡಿಲಿಸಿ, ಸೌಂಡ್‌ಹೋಲಿನೊಳಗೆ ಚಿಕ್ಕ ಕನ್ನಡಿ ಹಿಡಿದು, ಹೊರಗಿನಿಂದ ಟಾರ್ಚ್ ಬಿಡಿ. ಒಳಗಿನಿಂದ ಬೆಳಕಿನ ಎಳೆ ಕಂಡರೆ ಹಲಗೆ ಸೀಳಿದೆ. ಬೆಂಗಳೂರಿನಲ್ಲಿ ಫೆಬ್ರವರಿ, ಮಾರ್ಚ್‌ನ ಮಧ್ಯಾಹ್ನಗಳಲ್ಲಿ ತೇವಾಂಶ ಶೇ. 30ರ ಆಸುಪಾಸಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಅಂಟಿಸಿದ ಹಲಗೆ ಆಗ ಕುಗ್ಗಲು ಜಾಗವಿಲ್ಲದೆ ಸೀಳುತ್ತದೆ.

ಈಗ ನಿಲ್ಲಿಸಿ. ಸೂಪರ್ ಗ್ಲೂ ಬಿಡಬೇಡಿ. ಅದು ಸ್ಪ್ರೂಸಿಗೆ ಇಳಿದು ಕಲೆ ಮಾಡುತ್ತದೆ, ಮುಂದೆ ಬೇರೆ ಅಂಟು ಹಿಡಿಯದಂತೆಯೂ ಮಾಡುತ್ತದೆ. ತೂತು ಕೊರೆದ ಸೋಪಿನ ಡಬ್ಬಿಯೊಳಗೆ ಹಿಂಡಿದ ಸ್ಪಂಜಿಟ್ಟು, ಗಿಟಾರಿನ ಜೊತೆ ಪೆಟ್ಟಿಗೆಯಲ್ಲಿ ಮುಚ್ಚಿಡಿ. ವಾರದಲ್ಲಿ ಸೀಳು ತಾನೇ ಮುಚ್ಚಿಕೊಂಡರೆ ರಿಪೇರಿಯವರ ಕೆಲಸ ಅರ್ಧ ಹಗುರ. ಒಳಗಿನಿಂದ ಪಟ್ಟಿ ಅಂಟಿಸುವುದು ಗಿಟಾರ್ ರಿಪೇರಿ ಬಲ್ಲವರ ಕೈಯಲ್ಲಿ ಆಗಬೇಕು. ಮೇಲ್ಹಲಗೆಯ ಮೇಲೆ ತಂತಿಗಳನ್ನು ಹಿಡಿದಿರುವ ಬ್ರಿಡ್ಜಿನ ಹಿಂಬದಿಯಲ್ಲಿ ಪಾಲಿಶ್ ಬಿರಿದು, ಅಡಿಗೆ ಒಂದು ಹಾಳೆ ತೂರುತ್ತಿದ್ದರೆ ಅಂದೇ ತಂತಿ ಇಳಿಸಿ ಅವರಲ್ಲಿಗೆ ಒಯ್ಯಿರಿ. ಬ್ರಿಡ್ಜಿನ ಅಡಿಗೂ ಪಾಲಿಶ್ ಹೊಡೆದಿದ್ದರೆ ಹೀಗಾಗುವುದು ಖಂಡಿತ. ಅಂಟು ಹಿಡಿಯಬೇಕಾದ್ದು ಬರಿ ಮರವನ್ನು. ಮೊದಲ ಕೋಟಿಗೆ ಮುಂಚೆಯೇ ಆ ಜಾಗಕ್ಕೆ ಟೇಪ್ ಹಚ್ಚಿರಬೇಕು.

ತಾಗಿದ ಕಡೆಯೆಲ್ಲ ಗುರುತು

ಸ್ಟ್ಯಾಂಡಿನ ರಬ್ಬರ್ ತಾಗಿದಲ್ಲಿ ಎನ್‌ಸಿ ಲ್ಯಾಕರ್ ಮೆತ್ತಗಾಗಿ ರಬ್ಬರಿನ ಅಚ್ಚು ಮೂಡುವುದುಂಟು. ರಬ್ಬರ್, ರೆಕ್ಸಿನ್ ಮೃದುವಾಗಿರಲು ಹಾಕಿದ ರಾಸಾಯನಿಕ ನಿಧಾನವಾಗಿ ಲ್ಯಾಕರಿಗೆ ಇಳಿಯುತ್ತದೆ. ಸ್ಟ್ಯಾಂಡಿನ ಕೈಗಳಿಗೆ ಹತ್ತಿ ಬಟ್ಟೆ ಸುತ್ತಿ, ಗಿಟಾರನ್ನು ವಾರ ಗಾಳಿಯಲ್ಲಿ ತೂಗುಹಾಕಿ. ಗಟ್ಟಿಯಾದ ಮೇಲೆ ಆ ಅಚ್ಚನ್ನಷ್ಟೇ ಉಜ್ಜಿ ಸಮ ಮಾಡಬಹುದು.

ಅರಗಿನ ಗಿಟಾರಿನಲ್ಲಿ ಮುಂಗೈ ಒರಗುವ ಮೇಲಂಚು ಮಂಕಾಗಿ ಒರಟಾದರೆ ಅದು ಬೆವರು. ಇನ್ನೂ ಬೇಗ ಹಾಳು ಮಾಡುವುದು ಹ್ಯಾಂಡ್ ಸ್ಯಾನಿಟೈಸರ್, ಅದರಲ್ಲಿರುವುದು ಅರಗನ್ನು ಕರಗಿಸುವ ಆಲ್ಕೊಹಾಲೇ. ಡೀಟ್ (DEET) ಎಂಬ ರಾಸಾಯನಿಕ ಇರುವ ಸೊಳ್ಳೆ ಕ್ರೀಮ್ ಅರಗು, ಲ್ಯಾಕರ್, ಪ್ಲಾಸ್ಟಿಕ್ ಬೈಂಡಿಂಗ್ ಮೂರನ್ನೂ ಕೆಡಿಸುತ್ತದೆ. ಹಚ್ಚಿದ್ದರೆ ಸೋಪಿನಲ್ಲಿ ಕೈ ತೊಳೆದು, ಒರೆಸಿ, ಆಮೇಲೆ ಗಿಟಾರ್ ಎತ್ತಿಕೊಳ್ಳಿ. ಮಂಕಾದ ಜಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ, 100 ಮಿಲಿಗೆ 10 ಗ್ರಾಂನಷ್ಟು ತೆಳು ಅರಗನ್ನು ಉಂಡೆಯಲ್ಲಿ ತೆಗೆದುಕೊಂಡು, ಜಾರಲು ಒಂದು ಹನಿ ಆಲಿವ್ ಎಣ್ಣೆ ಮುಟ್ಟಿಸಿ, ಸಣ್ಣ ಸುತ್ತುಗಳಲ್ಲಿ ಐದು ನಿಮಿಷ ತಿರುಗಿಸಿ. ದಿನಕ್ಕೊಂದರಂತೆ ಮೂರು ದಿನ ಹೀಗೆ ಮಾಡಿದರೆ ಸುತ್ತಲಿನ ಹೊಳಪಿನೊಂದಿಗೆ ಬೆರೆಯುತ್ತದೆ. ಕೊನೆಯ ದಿನ ಎಣ್ಣೆ ಬೇಡ, ಬರಿ ಸ್ಪಿರಿಟ್‌ನ ತಂಪಿರುವ ಬಟ್ಟೆಯನ್ನು ಎರಡೇ ಸಲ ಎಳೆಯುದ್ದಕ್ಕೆ ಜಾರಿಸಿ ಮೇಲೆ ಉಳಿದ ಎಣ್ಣೆ ತೆಗೆಯಿರಿ.